ಇಪ್ಪತ್ನಾಲ್ಕನೆಯ ಕಡ್ಡಿ

ಫೆಬ್ರವರಿ 3

ಸ್ಲೈಡ್ ಮೇಷ್ಟ್ರಿಗೆ ನಮಸ್ಕಾರ.

ಪ್ರಯೋಗಾಲಯದಲ್ಲಿ ಎಲ್ಲರೂ ನಿಮ್ಮನ್ನು ಹಾಗೆಯೇ ಕರೆಯುತ್ತಿದ್ದರಂತೆ, ಅದಕ್ಕೇ ನಾನೂ ಹಾಗೆ ಬರೆದೆ. ಬೇರೆ ರೀತಿ ಶುರುಮಾಡಿ ಎರಡು ಹಾಳೆ ಹರಿದುಹಾಕಿದ ಮೇಲೆ ಇದೇ ವಾಸಿ ಅನ್ನಿಸಿತು. ಫೋನು ಮಾಡಬಹುದಿತ್ತು, ಧೈರ್ಯ ಬರಲಿಲ್ಲ.

ನಾನು ನಿಮ್ಮ ಅಕ್ಕನ ಮನೆಯಲ್ಲಿ ಬೆಳೆದವಳು. ನನಗೆ ನಾಲ್ಕು ವರ್ಷವಾಗಿದ್ದಾಗ ನೀವು ಅಲ್ಲಿ ಬಿಟ್ಟು, "ಎರಡೇ ತಿಂಗಳು" ಎಂದು ಹೇಳಿ ಹೋದಿರಿ. ಈಗ ನನಗೆ ಮೂವತ್ತೈದು. ಅತ್ತೆ ತೀರಿಕೊಂಡ ದಿನ ನೀವು ಬಂದು ಬಾಗಿಲ ಹತ್ತಿರವೇ ನಿಂತು ಹೋದದ್ದನ್ನು ನೋಡಿದೆ.

ಕೆಲಸದ ಮಾತಿಗೆ ಬರುತ್ತೇನೆ. ಏಳು ವರ್ಷದಿಂದ ಮಿಡತೆಗಳ ಕ್ರೋಮೋಸೋಮುಗಳ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ನಿಮ್ಮ ಕೆಲಸ ನೋಡಿ ಆರಿಸಿಕೊಂಡದ್ದೆಂದು ತಿಳಿಯಬೇಡಿ, ಸೀಟು ಸಿಕ್ಕಿದ್ದು ಅಲ್ಲಿ, ಅಷ್ಟೇ. ನಿಮ್ಮ ಊರಿನ ರೈಲ್ವೆ ವರ್ಕ್‌ಶಾಪಿನ ಹಿಂದಿನ ಹುಲ್ಲುಗಾವಲಿನಲ್ಲಿ ನಾನು ಮಿಡತೆ ಹಿಡಿಯುತ್ತೇನೆ. ಗಂಡು ಮಿಡತೆಗೆ ಇಪ್ಪತ್ತಮೂರು ಕ್ರೋಮೋಸೋಮು ಇರಬೇಕು. ಅಲ್ಲಿ ಹಿಡಿದ ಹತ್ತರಲ್ಲಿ ಆರಕ್ಕೆ ಇಪ್ಪತ್ನಾಲ್ಕನೆಯದೊಂದು ಇದೆ. ಚಿಕ್ಕದು, ಬಣ್ಣವನ್ನು ಗಾಢವಾಗಿ ಹೀರುತ್ತದೆ, ಉಳಿದ ಯಾವುದರ ಜೊತೆಗೂ ಜೋಡಿಯಾಗುವುದಿಲ್ಲ. ಅದಿಲ್ಲದ ಮಿಡತೆಗಳೂ ಸುಖವಾಗಿಯೇ ಹಾರಾಡಿಕೊಂಡಿವೆ. ಅಂದರೆ ಯಾರಿಗೂ ಬೇಕಾದದ್ದಲ್ಲ. ಆದರೂ ಇದೆ.

ಅದರೊಳಗಿನ ಜೀನುಗಳನ್ನು ಓದಿ ನೋಡಿದರೆ ಅದು ಇಂದು ನಿನ್ನೆಯದಲ್ಲ, ಸಾವಿರಾರು ವರ್ಷ ಹಳೆಯದು. ಆದರೆ ಮೂವತ್ತು ವರ್ಷದ ಹಿಂದೆ ಇದೇ ಹುಲ್ಲುಗಾವಲಿನ ಮಿಡತೆಗಳ ಬಗ್ಗೆ ನಿಮ್ಮ ಪ್ರೊಫೆಸರು ಬರೆದ ಪ್ರಬಂಧದಲ್ಲಿ "ಎಲ್ಲ ಗಂಡುಗಳಲ್ಲೂ ಇಪ್ಪತ್ತಮೂರು, ಒಂದರಲ್ಲೂ ವ್ಯತ್ಯಾಸವಿಲ್ಲ" ಎಂದಿದೆ. ನನ್ನ ಪರೀಕ್ಷಕರು ಆ ಒಂದು ಸಾಲನ್ನೇ ಹಿಡಿದುಕೊಂಡಿದ್ದಾರೆ. "ಅವತ್ತು ಇಲ್ದೇ ಇದ್ದಿದ್ದು ಇವತ್ತು ಎಲ್ಲಿಂದ ಬಂತಮ್ಮಾ? ನಿನ್ನ ಸ್ಲೈಡಲ್ಲಿ ಕಸ ಬಿದ್ದಿರ್ಬೇಕು" ಅನ್ನುತ್ತಾರೆ. ಅದು ಅಂದೂ ಇತ್ತೆಂದು ಆಗಸ್ಟ್ ಮೂವತ್ತೊಂದರೊಳಗೆ ತೋರಿಸದಿದ್ದರೆ ನನ್ನ ಪ್ರಬಂಧ ತಿರಸ್ಕಾರವಾಗುತ್ತದೆ. ಏಳು ವರ್ಷವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ನಿಮ್ಮ ಪ್ರೊಫೆಸರು ಈಗಿಲ್ಲ. ಮಿಡತೆಯ ಜೀವಕೋಶ ಹರಡಿ ಬಣ್ಣ ಹಾಕಿದ ಆ ಗಾಜಿನ ಸ್ಲೈಡುಗಳನ್ನು ಮಾಡಿದ ಕೈ ನಿಮ್ಮದು. ನಿಮ್ಮ ಬಳಿ ಏನಾದರೂ ಉಳಿದಿದ್ದರೆ ಕಳಿಸಿಕೊಡಿ. ಬೇರೆ ಏನನ್ನೂ ಕೇಳುವುದಿಲ್ಲ.

ಇತಿ,
ಸಂಶೋಧನಾ ವಿದ್ಯಾರ್ಥಿನಿ


ಫೆಬ್ರವರಿ 20

ಬುಗುರಿಗೆ ಆಶೀರ್ವಾದ.

ಹಾಗೆ ಕರೆದೆನೆಂದು ಸಿಟ್ಟಾಗಬೇಡ. ನಿಂತಲ್ಲಿ ನಿಲ್ಲುವ ಮಗುವಾಗಿರಲಿಲ್ಲ ನೀನು, ಗಿರಗಿರ ತಿರುಗಿ ತಿರುಗಿ ಬೀಳುತ್ತಿದ್ದೆ. 'ವಿದ್ಯಾರ್ಥಿನಿ'ಗೆ ಹೇಗೆ ಬರೆಯಬೇಕೋ ನನಗೆ ಗೊತ್ತಿಲ್ಲ.

ನಿನ್ನ ಪತ್ರವನ್ನು ನಿನ್ನ ಅಮ್ಮನೇ ಓದಿ ಹೇಳಿದಳು. ನನ್ನ ಕಣ್ಣಿಗೆ ಪೊರೆ ಬಂದಿದೆ, ದೊಡ್ಡ ಅಕ್ಷರ ಬರೆಯುತ್ತೇನೆ, ಸಣ್ಣದು ಓದಲಾರೆ. ಓದಿ ಮುಗಿಸಿ ಅವಳು ಹೊಲಿಗೆ ಯಂತ್ರದ ಮುಂದೆ ಹೋಗಿ ಕೂತಳು. ನಾವು ನಿನ್ನ ದೊಡ್ಡಣ್ಣನ ಜೊತೆ ಬೀಗ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿದ್ದೇವೆ. ಅವಳು ಈಗಲೂ ಸ್ಕೂಲ್ ಯೂನಿಫಾರ್ಮ್ ಹೊಲಿಯುತ್ತಾಳೆ. ಕೆಳಗೆ ಅರದಿಂದ ಕೀಲಿ ಉಜ್ಜುವ ಸದ್ದು, ಮೇಲೆ ಯಂತ್ರದ ಸದ್ದು. ಮಾತಾಡದೆ ಇರಲು ಒಳ್ಳೆಯ ಅನುಕೂಲ.

ಪ್ರಯೋಗಾಲಯ ಖಾಲಿ ಮಾಡಿದಾಗ ಸ್ಲೈಡುಗಳನ್ನೆಲ್ಲ ಗುಜರಿಗೆ ಹಾಕುತ್ತಿದ್ದರು. ಒಂದು ಮರದ ಪೆಟ್ಟಿಗೆಯನ್ನು ನಾನು ಎತ್ತಿಕೊಂಡು ಬಂದೆ. ಇನ್ನೂರು ಸ್ಲೈಡಿವೆ, ಎಲ್ಲ ಅದೇ ಹುಲ್ಲುಗಾವಲಿನವು. ಹತ್ತಿಯಲ್ಲಿ ಸುತ್ತಿ ಕಳಿಸುತ್ತಿದ್ದೇನೆ.

ಆದರೆ ಕಡ್ಡಿ ಮುರಿದ ಹಾಗೆ ಹೇಳಿಬಿಡುತ್ತೇನೆ, ಅದರಲ್ಲಿ ನೀನು ಹುಡುಕುವುದು ಸಿಗುವುದಿಲ್ಲ. ಕ್ರೋಮೋಸೋಮಿಗೆ ನಾವು ಕಡ್ಡಿ ಅಂತಲೇ ಅನ್ನುತ್ತಿದ್ದೆವು. ಹನ್ನೊಂದು ಜೋಡಿ ಕಡ್ಡಿ, ಒಂದು ಒಂಟಿ. ಒಂಟಿಯಾಗಿರಲು ಪರವಾನಗಿ ಇದ್ದದ್ದು ಆ ಒಂದಕ್ಕೇ. ನನ್ನ ಸ್ಲೈಡನ್ನು ಕಣ್ಣಿಗಿಟ್ಟು ಪ್ರೊಫೆಸರು "ಏನಯ್ಯಾ, ರಂಗೋಲಿ ಹಾಕಿಬಿಟ್ಟಿದೀಯಲ್ಲ" ಅನ್ನುತ್ತಿದ್ದರು. ನನ್ನ ಸ್ಲೈಡಿನಲ್ಲಿ ಕಸ ಇರುವುದಿಲ್ಲ ಮಗಳೇ.

ನಿನ್ನ ಊಟತಿಂಡಿ ಹೇಗೆ? ಬರೆಯಬೇಕೆನಿಸಿದರೆ ಬರೆ.

ಅಪ್ಪ


ಮಾರ್ಚ್ 14

ನಮಸ್ಕಾರ.

ಪೆಟ್ಟಿಗೆ ತಲುಪಿತು, ಒಂದೂ ಒಡೆದಿಲ್ಲ. ಇನ್ನೂರನ್ನೂ ನೋಡಿದೆ. ಮೂವತ್ತು ವರ್ಷದ ಬಣ್ಣ ಸ್ವಲ್ಪ ಮಾಸಿದೆ, ಆದರೆ ಇಷ್ಟು ಹದವಾಗಿ ಹರಡಿದ ಸ್ಲೈಡುಗಳನ್ನು ನಾನು ಈವರೆಗೆ ನೋಡಿಲ್ಲ. ನನ್ನ ಜೊತೆಯವರನ್ನೆಲ್ಲ ಕರೆದು ತೋರಿಸಿದೆ. ಯಾರು ಮಾಡಿದ್ದೆಂದು ಕೇಳಿದರು. ಒಬ್ಬ ಹಳಬರು ಅಂದೆ.

ಇನ್ನೂರರಲ್ಲೂ ಇಪ್ಪತ್ತಮೂರೇ. ಮಾರ್ಗದರ್ಶಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನೋಡಮ್ಮ, ಇದೇ ನಿನಗೆ ಉತ್ತರ. ಸುಮ್ನೆ ಒಪ್ಕೊಂಡ್ಬಿಡು" ಎಂದರು. ಸಹಾಯಕ್ಕೆಂದು ಕೇಳಿ ತರಿಸಿಕೊಂಡದ್ದೇ ನನ್ನ ವಿರುದ್ಧ ಸಾಕ್ಷಿಯಾಯಿತು.

ನಾಲ್ಕು ದಿನ ಹಾಸಿಗೆಯಿಂದ ಏಳಲಿಲ್ಲ. ಐದನೆಯ ದಿನ ಒಂದು ಅನುಮಾನ ಬಂತು. ಹುಲ್ಲುಗಾವಲಿನಿಂದ ಹಿಡಿದು ತಂದ ಇನ್ನೂರು ಮಿಡತೆಗಳಲ್ಲಿ ಒಂದಾದರೂ ಎಡವಟ್ಟು ಇರಬೇಕಲ್ಲ? ಒಂದು ಕಡ್ಡಿ ಮುರಿದದ್ದು, ಒಂದು ಕಡಿಮೆಯದ್ದು? ಇವು ಬಹಳ ಚೆನ್ನಾಗಿವೆ. ಬೇಕಾದ್ದಕ್ಕಿಂತ ಹೆಚ್ಚು ಚೆನ್ನಾಗಿವೆ.

ಒಂದೇ ಪ್ರಶ್ನೆ. ಈ ಇನ್ನೂರು ಉಳಿಯಲು ಎಷ್ಟನ್ನು ಬಿಸಾಡಿದಿರಿ?

ಇತಿ,
ನಾನು


ಮಾರ್ಚ್ 29

ಮಗಳಿಗೆ.

ನಲವತ್ತು ವರ್ಷ ದುಡಿದವನನ್ನು ಕಟಕಟೆಗೆ ಹತ್ತಿಸಿದ ಹಾಗೆ ಕೇಳಿದ್ದೀಯ. ಮೊದಲು ಉತ್ತರ ಬರೆಯಬಾರದೆಂದೇ ಇದ್ದೆ.

ಕೇಳು. ಇಪ್ಪತ್ತಮೂರು ಬಾರದ ಸ್ಲೈಡು ಕೆಟ್ಟ ಸ್ಲೈಡು, ಇದು ಪ್ರೊಫೆಸರ ಕಟ್ಟಪ್ಪಣೆ. ನಾನು ಕೆಲಸಕ್ಕೆ ಸೇರಿದ ವಾರವೇ ಒಂದು ಸ್ಲೈಡಿನಲ್ಲಿ ಪಕ್ಕದಲ್ಲಿ ಒಂದು ಕರಿ ಚುಕ್ಕೆ ಬಂದಿತ್ತು. ಎಲ್ಲರೆದುರಿಗೆ, "ಬಣ್ಣ ಸೋಸೋಕೆ ಬರಲ್ವಾ ನಿಂಗೆ? ಇದೇನಿದು ಕಸ?" ಎಂದು ಬೈದರು. ಆಮೇಲೆ ಮೂರು ಸಲ ಸೋಸುತ್ತಿದ್ದೆ. ಆದರೂ ಬರುತ್ತಿತ್ತು. ಬಂದದ್ದನ್ನು ತೊಳೆಯುತ್ತಿದ್ದೆ. ಗಾಜಿಗೆ ಕೊರತೆ ಇದ್ದ ಕಾಲ. ಕೆಟ್ಟ ಸ್ಲೈಡನ್ನು ಆಸಿಡ್ಡಿನಲ್ಲಿ ನೆನೆಸಿಟ್ಟು, ಮರುದಿನ ಉಜ್ಜಿ, ಒಣಗಿಸಿ, ಮತ್ತೆ ಬಳಸುತ್ತಿದ್ದೆವು. ನೀನು ಚೆಂದವಿದೆ ಎಂದ ಸ್ಲೈಡಿನ ಗಾಜೇ ಎಷ್ಟು ಸಲ ತೊಳೆಸಿಕೊಂಡಿದೆಯೋ.

ಎಷ್ಟು ಅಂತ ಕೇಳಿದೆ. ಹತ್ತಕ್ಕೆ ಒಂದೆರಡು, ಕೆಲವು ವರ್ಷ ಮೂರು.

ಕಸವೆಂದರೆ ಕಸ. ಅದೇ ನಿನ್ನ ಇಪ್ಪತ್ನಾಲ್ಕನೆಯದು ಅಂತ ನನಗೆ ಯಾರು ಹೇಳಿದ್ದರು?

ಅಪ್ಪ


ಏಪ್ರಿಲ್ 9

ಯಾರೂ ಹೇಳಿರಲಿಲ್ಲ. ನಾನು ಈಗ ಹೇಳುತ್ತೇನೆ, ಕೇಳಿ.

ಅದರಲ್ಲಿ ಹೊರಗಿನದು ಏನೂ ಇಲ್ಲ. ಎರಡನೆಯ ಕ್ರೋಮೋಸೋಮಿನಿಂದ ಒಂದು ಚೂರು, ಐದನೆಯದರಿಂದ ಒಂದು, ಒಂಬತ್ತನೆಯದರಿಂದ ಒಂದು. ಎಂದೋ ನಕಲಾಗಿ ಉದುರಿದ ಚೂರುಗಳೆಲ್ಲ ಸೇರಿ ಅದಾಗಿದೆ. ಬಹಳಷ್ಟು ಒಂದೇ ಮಾತನ್ನು ಮತ್ತೆ ಮತ್ತೆ ಬರೆದಂತಿದೆ, ಅರ್ಥವಿಲ್ಲದ್ದು. ಆದರೆ ನಡುನಡುವೆ ಇಡಿಯಾದ ಜೀನುಗಳಿವೆ, ಕೆಲವು ಇಂದಿಗೂ ಕೆಲಸ ಮಾಡುತ್ತವೆ. ಎಲ್ಲವೂ ಅದೇ ಮನೆಯವು. ನೀವು ಕಸವೆಂದು ತೊಳೆದದ್ದು ಇದನ್ನು.

ಇನ್ನೊಂದು ವಿಷಯ. ಹೆಣ್ಣು ಮಿಡತೆಯಲ್ಲಿ ಮೊಟ್ಟೆಯಾಗುವಾಗ ಅರ್ಧ ಕ್ರೋಮೋಸೋಮುಗಳು ಒಳಗುಳಿಯುತ್ತವೆ, ಉಳಿದರ್ಧವನ್ನು ಜೀವಕೋಶ ಒಂದು ಸಣ್ಣ ಚೀಲದಲ್ಲಿ ಕಟ್ಟಿ ಹೊರಗೆ ಹಾಕುತ್ತದೆ. ಜೋಡಿಯಿಲ್ಲದ ಈ ಒಂಟಿ ಯಾವ ಕಡೆಗೂ ಹೋಗಬಹುದು. ಆದರೆ ಹೆಚ್ಚಿನ ಸಲ ಅದು ಉಳಿಯುವ ಕಡೆಗೇ ಹೋಗಿ ನಿಂತಿರುತ್ತದೆ. ಅದು ಹೀಗೆ ನುಸುಳದಂತೆ ತಡೆಯಲು ಉಳಿದ ಕ್ರೋಮೋಸೋಮುಗಳು ಕಲಿಯುತ್ತವೆ, ಅದೂ ಹೊಸ ದಾರಿ ಹುಡುಕುತ್ತದೆ. ಸಾವಿರಾರು ವರ್ಷ ಹೀಗೇ ನಡೆದಿದೆ. ಬೇಡವಾದದ್ದು ಉಳಿದುಕೊಂಡು ಬಂದ ಬಗೆ ಇದು.

ನಾನು ನಾಲ್ಕು ವರ್ಷದವಳು. ಯಾವ ಕಡೆ ನಿಲ್ಲಬೇಕೆಂದು ಗೊತ್ತಿರಲಿಲ್ಲ.

ಎರಡು ತಿಂಗಳು ಅಂದಿರಿ. ಅತ್ತೆಯ ಮನೆಯ ಗೇಟಿನ ಮೇಲೆ ಹತ್ತಿ ಕೂರುತ್ತಿದ್ದೆ. ಶಾಲೆಗೆ ಸೇರಿಸುವವರೆಗೂ ಕೂತೆ. ಯಾಕೆ ಬರಲಿಲ್ಲ ಎಂದು ಕೇಳಿದಾಗಲೆಲ್ಲ ಅತ್ತೆ, "ಅವರಿಗೆ ಎರಡು ಗಂಡು ಸಾಕಾಗಿತ್ತು ಕಣೇ, ನೀನು ಹೆಚ್ಚಾದೆ. ನನಗೆ ಬೇಕಿತ್ತು, ತಂದ್ಕೊಂಡೆ" ಅನ್ನುತ್ತಿದ್ದರು. ಪಾಪ, ಪ್ರೀತಿಯಿಂದಲೇ ಹೇಳುತ್ತಿದ್ದರು. ನಿಮಗೆ ಸರಿಯಾದ ಲೆಕ್ಕ ಬೇಕು. ಅದಕ್ಕೆ ಮೀರಿದ್ದನ್ನು ತೊಳೆಯುತ್ತೀರಿ.

ನಿನ್ನೆ ಹುಲ್ಲುಗಾವಲಿಗೆ ಹೋಗಿದ್ದೆ. ನಿಮ್ಮ ಬೀದಿಯನ್ನು ದಾಟಿಯೇ ಹೋದೆ, ಮೇಲೆ ಯಂತ್ರದ ಸದ್ದು ಕೇಳಿಸಿತು, ಹತ್ತಲಿಲ್ಲ. ಹುಲ್ಲುಗಾವಲನ್ನು ಲಾರಿ ನಿಲ್ಲಿಸುವ ಜಾಗ ಮಾಡುತ್ತಿದ್ದಾರೆ. ಮುಕ್ಕಾಲು ಪಾಲು ಕಾಂಕ್ರೀಟು ಬಿದ್ದಿದೆ. ಇನ್ನು ಹಿಡಿಯಲು ಮಿಡತೆಯೂ ಇಲ್ಲ, ತೋರಿಸಲು ಸ್ಲೈಡೂ ಇಲ್ಲ. ಮತ್ತೆ ಬರೆಯುವುದಿಲ್ಲ. ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಿ.


ಜುಲೈ 2

ಬುಗುರಿ,

ನಿನ್ನ ಪತ್ರಕ್ಕೆ ಉತ್ತರ ಬರೆಯಲು ಮೂರು ತಿಂಗಳು ಹಿಡಿಯಿತು. ನಿನ್ನ ಅಮ್ಮ ಓದುತ್ತ ಓದುತ್ತ ನಡುವೆ ನಿಲ್ಲಿಸಿದಳು. "ಮುಂದೆ?" ಅಂದೆ. "ನೀವೇ ಓದ್ಕೊಳ್ಳಿ" ಎಂದು ಕೈಗೆ ಕೊಟ್ಟು ಎದ್ದು ಹೋದಳು. ಭೂತಗಾಜು ಹಿಡಿದು ಅಕ್ಷರ ಅಕ್ಷರವಾಗಿ ಓದಿದೆ. ಹಾಗೆ ಓದಿದರೆ ಬೇಗ ಮುಗಿಯುವುದೂ ಇಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಬರಲಿ, ತಡವಾಗಿಯಾದರೂ. ಬಲೆ ತೆಗೆದುಕೊಂಡು ಹೋದೆ. ಎಪ್ಪತ್ತೊಂದು ವರ್ಷದ ಮುದುಕ ರೈಲು ಹಳಿಯ ಪಕ್ಕದಲ್ಲಿ ಬಲೆ ಬೀಸುವುದನ್ನು ನೋಡಿ ಲಾರಿಯವರು ಶಿಳ್ಳೆ ಹೊಡೆದರು. ಕಾಂಕ್ರೀಟಿಗೂ ಹಳಿಗೂ ನಡುವೆ ಒಂದು ಮಾರು ಹುಲ್ಲು ಉಳಿದಿದೆ. ಮೂರು ದಿನ ಹೋದೆ, ಎರಡು ಸಲ ಬಿದ್ದೆ, ಮೂರು ಗಂಡು ಸಿಕ್ಕವು.

ಹತ್ತಿರದ ಹೈಸ್ಕೂಲಿನ ಅಟೆಂಡರ್ ನನ್ನಿಂದಲೇ ಕೆಲಸ ಕಲಿತವನು. ಬಣ್ಣ, ಗಾಜು, ಸೂಕ್ಷ್ಮದರ್ಶಕ ಕೊಟ್ಟ. ಕೈಗೆ ಇನ್ನೂ ನೆನಪಿತ್ತು. ನನ್ನ ಬಲಗಣ್ಣಿಗೆ ನಡುವೆ ಕಾಣುವುದಿಲ್ಲ, ಅಂಚಿನಲ್ಲಿ ಕಾಣುತ್ತದೆ. ತಲೆ ವಾರೆ ಮಾಡಿಕೊಂಡು ಎಣಿಸಿದೆ. ಹನ್ನೊಂದು ಜೋಡಿ, ಒಂದು ಒಂಟಿ. ಪಕ್ಕದಲ್ಲಿ ಅವನು.

ನೋಡಿದ ತಕ್ಷಣ ಗುರುತು ಸಿಕ್ಕಿತು ಮಗಳೇ. ಅದೇ ಗಾತ್ರ, ಅದೇ ಕಪ್ಪು, ಅದೇ ಒಂದು ಮೂಲೆಗೆ ಸರಿದು ಕೂರುವ ರೀತಿ. ನಲವತ್ತು ವರ್ಷ ನಾನು ಅವನನ್ನು ನೋಡಿದ್ದೇನೆ. ಬಣ್ಣದ ಕಸಕ್ಕೆ ಅಂಚು ಹರಿದಿರುತ್ತದೆ, ಇವನಿಗೆ ಅಂಚಿತ್ತು. ನನಗೆ ಆಗಲೇ ಗೊತ್ತಿತ್ತು. ಬೈಗುಳದ ಹೆದರಿಕೆಗೆ ಗೊತ್ತಿಲ್ಲ ಅಂದುಕೊಂಡೆ. ಇದನ್ನು ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ.

ಇನ್ನೊಂದು ಹೇಳಬೇಕು. ಮಾರ್ಚಿನಲ್ಲೇ ಹೇಳಬೇಕಿತ್ತು. ನಮ್ಮ ಉಗ್ರಾಣದವನು ಗಾಜಿನ ವಿಷಯದಲ್ಲಿ ಬಹಳ ಬಿಗಿ. ತೊಳೆದ ಒಂದೊಂದು ಗಾಜಿಗೂ ಕಾರಣ ಬರೆದಿಡಬೇಕಿತ್ತು. ತಾರೀಕು, ಮಿಡತೆಯ ನಂಬರು, ಯಾಕೆ ಹಾಳಾಯಿತು, ತೊಳೆದಾಯಿತೇ. ಅದಕ್ಕೆ ಹಾಳು ಪುಸ್ತಕ ಅಂತಲೇ ಹೆಸರಿಟ್ಟಿದ್ದೆವು. ಪ್ರೊಫೆಸರ ಆ ಪ್ರಬಂಧದ ಹಿಂದಿನ ಏಳು ವರ್ಷದ ಪುಸ್ತಕ ನನ್ನ ಹತ್ತಿರವಿದೆ. 'ಗಾಳಿಗುಳ್ಳೆ', 'ಬಣ್ಣ ಹೆಚ್ಚು', 'ಕಸ'. ಕಸ ಎಷ್ಟು ಚುಕ್ಕೆ ಅಂತಲೂ ಬರೆದಿದ್ದೇನೆ, ಒಂದು, ಎರಡು. ಎಣಿಸುವವನ ಚಟ.

ಕಳಿಸದೆ ಇದ್ದದ್ದಕ್ಕೆ ಕಾರಣವಿತ್ತು. ಅದರಲ್ಲಿ ಒಂದು ಪುಟವನ್ನು ನೀನು ನೋಡುವುದು ಬೇಡವಾಗಿತ್ತು. ಹರಿದು ಕಳಿಸೋಣವೆಂದು ಕತ್ತರಿ ಕೇಳಿದೆ. ನಿನ್ನ ಅಮ್ಮ ಕೊಡಲಿಲ್ಲ. "ಇದ್ದದ್ದು ಇದ್ದ ಹಾಗೇ ಹೋಗ್ಲಿ" ಅಂದಳು.

ಪುಸ್ತಕ ಈ ಪತ್ರದ ಜೊತೆಗಿದೆ.

ಅಪ್ಪ


ಆಗಸ್ಟ್ 6

ಅಪ್ಪಾ,

ನಾನು ಮತ್ತೆ ಬರೆಯುವುದಿಲ್ಲ ಎಂದಿದ್ದೆ. ಬರೆಯುತ್ತಿದ್ದೇನೆ.

ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಕಂಪ್ಯೂಟರಿಗೆ ಹಾಕಿದೆ. ಮೊದಲ ವರ್ಷ ಹತ್ತು ಮಿಡತೆಗೆ ಒಂದರಲ್ಲಿ ನೀನು 'ಕಸ' ಎಂದು ಬರೆದಿದ್ದೀಯ, ಏಳನೆಯ ವರ್ಷ ಹತ್ತಕ್ಕೆ ಮೂರರಲ್ಲಿ. ಇವತ್ತು ಹತ್ತಕ್ಕೆ ಆರು. ಅದು ಏರುತ್ತ ಬಂದ ದಾರಿ ಅಷ್ಟೂ ನಿನ್ನ ಕೈಬರಹದಲ್ಲಿದೆ. ಓಡಿಹೋಗಿ ಮಾರ್ಗದರ್ಶಿಗೆ ತೋರಿಸಿದೆ.

ಅವರು ಪುಟ ತಿರುಗಿಸಿ ನೋಡಿದರು. ಮೆಚ್ಚಿಕೊಂಡರು ಕೂಡ. ಆಮೇಲೆ, "ಆದ್ರೆ ಇದು ಬರೀ ಅಕ್ಷರ ಅಲ್ವೇನಮ್ಮಾ? ಕಸ ಅಂತ ಬರೆದಿರೋದನ್ನ ಕ್ರೋಮೋಸೋಮು ಅಂತ ಪರೀಕ್ಷಕರು ಹೇಗೆ ಒಪ್ತಾರೆ? ಒಂದೇ ಒಂದು ಗಾಜು ತಾ. ಆ ಕಾಲದ್ದು, ಒಂದೇ ಒಂದು" ಎಂದರು. ಎಲ್ಲಿಂದ ತರಲಿ? ಪುಸ್ತಕದ ಕೊನೆಯ ಅಂಕಣದಲ್ಲಿ ಸಾಲು ಸಾಲಿಗೂ 'ತೊಳೆದಿದೆ' ಎಂದು ಗುರುತು ಹಾಕಿದ್ದೀಯ. ಇನ್ನು ಇಪ್ಪತ್ತೈದು ದಿನ. ಕೋಣೆ ಖಾಲಿ ಮಾಡಿ ಎಂದು ಹಾಸ್ಟೆಲಿನವರು ಚೀಟಿ ಅಂಟಿಸಿದ್ದಾರೆ. ಕೈ ಕಾಲು ಆಡುತ್ತಿಲ್ಲ ಅಪ್ಪಾ. ಹೇಳಿಕೊಳ್ಳಲು ಬೇರೆ ಯಾರೂ ಇಲ್ಲ.

ಆ ಪುಟ ನೋಡಿದೆ. ನೀನು ಹರಿಯಬೇಕೆಂದಿದ್ದ ಪುಟ.

ನನ್ನನ್ನು ಅತ್ತೆಯ ಮನೆಯಲ್ಲಿ ಬಿಟ್ಟ ತಾರೀಕು ನನಗೆ ಗೊತ್ತು. ಆ ದಿನ ಒಂಬತ್ತು ಸ್ಲೈಡು ಮಾಡಿದ್ದೀಯ, ಒಂಬತ್ತೂ ಹಾಳು. ಏಳು ವರ್ಷದ ಪುಸ್ತಕದಲ್ಲಿ ಒಂದು ದಿನಕ್ಕೆ ಎರಡು ಮೂರಕ್ಕಿಂತ ಹೆಚ್ಚು ನೀನು ಎಂದೂ ಹಾಳು ಮಾಡಿದವನಲ್ಲ. ಕಾರಣದ ಅಂಕಣದಲ್ಲಿ ಗಾಳಿಗುಳ್ಳೆ ಅಂತಿಲ್ಲ, ಕಸ ಅಂತಿಲ್ಲ. ಒಂಬತ್ತು ಸಾಲಿಗೂ ಸೇರಿಸಿ ಒಂದು ಗೆರೆ ಎಳೆದು 'ನಾನು' ಎಂದು ಬರೆದಿದ್ದೀಯ.

ಅದನ್ನು ನೋಡಿ ಬಹಳ ಅತ್ತುಬಿಟ್ಟೆ. ಸಿಟ್ಟು ಹೋಯಿತೆಂದು ತಿಳಿಯಬೇಡ, ಹೋಗಿಲ್ಲ.

ಆದರೆ ಆ ಒಂಬತ್ತು ಸಾಲಿನ ಮುಂದೆ ಮಾತ್ರ 'ತೊಳೆದಿದೆ' ಎಂಬ ಗುರುತಿಲ್ಲ. ಇಡೀ ಪುಸ್ತಕದಲ್ಲಿ ಆ ಒಂಬತ್ತಕ್ಕೇ ಇಲ್ಲ. ಅಪ್ಪಾ, ಆ ಗಾಜುಗಳು ಎಲ್ಲಿ?

ಬುಗುರಿ


ಆಗಸ್ಟ್ 14

ಮಗಳಿಗೆ,

ಇದು ನಿನ್ನ ಅಮ್ಮ. ನನಗೆ ಕಾಗದ ಬರೆದು ಅಭ್ಯಾಸವಿಲ್ಲ, ಅಳತೆ ಬರೆದೇ ಅಭ್ಯಾಸ. ತಪ್ಪಿದ್ದರೆ ತಿದ್ದಿಕೊ.

ನಿನ್ನ ಪತ್ರ ಅವರಿಗೆ ಓದಿ ಹೇಳಿದೆ. ಗಾಜು ಎಲ್ಲಿ ಎಂದು ಅವರು ನನ್ನ ಮುಖ ನೋಡಿದರು. ಬಿಸಾಡಿದೆ ಎಂದು ಆಗ ಅವರಿಗೆ ಸುಳ್ಳು ಹೇಳಿದ್ದೆ. ಅವು ನನ್ನ ಗುಂಡಿ ಡಬ್ಬಿಯ ತಳದಲ್ಲಿವೆ, ಒಂಬತ್ತೂ.

ಆ ದಿನ ನಿನ್ನನ್ನು ಬಿಟ್ಟು ಬಂದು ಅವರು ನೇರ ಕೆಲಸಕ್ಕೆ ಹೋಗಿದ್ದರು. ಸಂಜೆ ಗಾಜುಗಳನ್ನು ಜೇಬಿನಲ್ಲಿ ಹಾಕಿಕೊಂಡು ಮನೆಗೆ ಬಂದರು. ಬಚ್ಚಲಲ್ಲಿ ಕೂತು ನಲ್ಲಿ ಬಿಟ್ಟುಕೊಂಡರು. ನೀರು ಹರಿಯುತ್ತಿತ್ತು, ಅವರು ತೊಳೆಯಲಿಲ್ಲ, ಸುಮ್ಮನೆ ಕೂತಿದ್ದರು. ನಾನು ಹೋಗಿ ನಲ್ಲಿ ನಿಲ್ಲಿಸಿ ಗಾಜು ಇಸಿದುಕೊಂಡೆ. ಹತ್ತಿಯಲ್ಲಿ ಸುತ್ತಿ ಇಟ್ಟೆ. ಯಾಕೆ ಇಟ್ಟೆ ಅಂದರೆ ಹೇಳಲು ಬರುವುದಿಲ್ಲ.

ನಿನ್ನ ಅತ್ತೆ ಹೇಳಿದ್ದು ನಿಜವಲ್ಲ. ನೀನು ಹೆಚ್ಚಾಗಿರಲಿಲ್ಲ. ನಿನ್ನ ನಂತರ ಒಂದು ಮಗು ಹುಟ್ಟಿ, ಉಳಿಯಲಿಲ್ಲ. ಅಂದಿನಿಂದ ನನಗೆ ಏನಾಯಿತೋ, ಅದಕ್ಕೊಂದು ಹೆಸರು ಕೂಡ ಯಾರೂ ಹೇಳಲಿಲ್ಲ. ಊಟ ಸೇರುತ್ತಿರಲಿಲ್ಲ, ನಿದ್ದೆ ಇರಲಿಲ್ಲ. ಹುಡುಗರು ಶಾಲೆಗೆ ಹೋಗುತ್ತಿದ್ದರು, ಇಡೀ ದಿನ ನೀನು ಮತ್ತು ನಾನು. ಒಂದು ಮಧ್ಯಾಹ್ನ ನೀನು ಮಲಗಿದ್ದೆ. ನಾನು ಬಟ್ಟೆ ಕತ್ತರಿಸುವ ಕತ್ತರಿ ಹಿಡಿದು ನಿನ್ನ ತಲೆಯ ಹತ್ತಿರ ಕೂತಿದ್ದೆ. ಎಷ್ಟು ಹೊತ್ತು ಕೂತಿದ್ದೆನೋ, ಏನು ಮಾಡಬೇಕೆಂದಿದ್ದೆನೋ, ಇವತ್ತಿಗೂ ಗೊತ್ತಿಲ್ಲ. ಅವರು ಬಂದು ಕೈಯಿಂದ ಕತ್ತರಿ ಬಿಡಿಸಿದರು. "ಇವಳನ್ನ ನನ್ನಿಂದ ದೂರ ಕರ್ಕೊಂಡು ಹೋಗಿ" ಎಂದು ಕಾಲು ಹಿಡಿದುಕೊಂಡೆ. ಎರಡು ತಿಂಗಳಲ್ಲಿ ವಾಸಿಯಾಗುತ್ತದೆ ಎಂದು ಅವರು ನಂಬಿದ್ದರು. ನನಗೆ ವಾಸಿಯಾಗಲು ಆರು ವರ್ಷ ಬೇಕಾಯಿತು. ಅಷ್ಟರಲ್ಲಿ ನೀನು ನಿನ್ನ ಅತ್ತೆಯ ಮಗಳಾಗಿದ್ದೆ, ನನಗೆ ನಿನ್ನ ಮುಂದೆ ಬಂದು ನಿಲ್ಲಲು ಮುಖವಿರಲಿಲ್ಲ. ಯಾರು ಕೇಳಿದರೂ ತಾನೇ ಕಳಿಸಿದೆ ಎಂದು ಅವರು ಹೇಳಿಕೊಂಡು ಬಂದರು. ಒಂದು ಸಲವೂ ನನ್ನ ಕಡೆ ಬೆರಳು ಮಾಡಲಿಲ್ಲ.

ಅವರ ಪುಸ್ತಕದಲ್ಲಿ ಆ ಒಂದು ಪುಟ ತಪ್ಪು. ಕಾರಣ ಅವರಲ್ಲ, ನಾನು. ನೀನು ಲೆಕ್ಕ ಸರಿ ಇಡುವವಳು, ಅಲ್ಲಿ ತಿದ್ದಿ ಬರೆದುಕೊ.

ಆ ಗಾಜುಗಳಲ್ಲಿ ನಿನಗೆ ಬೇಕಾದದ್ದು ಇದೆಯೋ ಇಲ್ಲವೋ ತಿಳಿಯದು. ಅವರು ನೋಡಲು ಒಪ್ಪಲಿಲ್ಲ. ಅವತ್ತು ಕೈ ಹದ ತಪ್ಪಿ ಕಡ್ಡಿಗಳೆಲ್ಲ ಒಂದರ ಮೇಲೊಂದು ಬಿದ್ದಿವೆ, ಆದರೂ ಎಲ್ಲಾದರೂ ಒಂದು ಮೂಲೆಯಲ್ಲಿ ಸರಿಯಾಗಿ ಹರಡಿರಬಹುದು, ಅವಳೇ ಹುಡುಕಲಿ ಎಂದರು.

ಅಂಚೆಗೆ ಹಾಕಿದರೆ ಒಡೆಯುತ್ತವೆ. ನಿನ್ನ ಅಣ್ಣ ತಂದುಕೊಡುತ್ತೇನೆ ಎಂದ, ಬೇಡ ಅಂದೆ. ಬುಧವಾರದ ರೈಲಿಗೆ ನಾನೇ ಬರುತ್ತೇನೆ. ಬಾಗಿಲು ತಟ್ಟುತ್ತೇನೆ. ತೆಗೆಯಲೇಬೇಕೆಂದಿಲ್ಲ. ತೆಗೆಯದಿದ್ದರೆ ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟು ವಾಪಸು ಹೋಗುತ್ತೇನೆ. ನಾನು ಮೆಟ್ಟಿಲಿಳಿದ ಮೇಲೆ ತೆಗೆದುಕೊ, ಜೋಪಾನ, ಗಾಜು ತಳದಲ್ಲಿದೆ.

ಅಮ್ಮ